ಚೀಟಿ ಮೊದಲು, ಬಾಗಿಲು ಆಮೇಲೆ

ಹಲೋ… ಹಲೋ! ಯಾರ್ರೀ ಮಾತಾಡೋದು? ಗಟ್ಟಿಯಾಗಿ ಮಾತಾಡ್ರಿ. ಇಲ್ಲಿ ಜಿನ್ನಿಂಗ್ ಮಷೀನಿನ ಸಪ್ಪಳ ಅದ, ಏನೂ ಕೇಳಸಂಗಿಲ್ಲ.

… ಹಾಂ. ರಾಯಚೂರಿನ ಬೋರ್ಡ್ ಕಂಪನಿನೇ ಅಲ್ಲಾ? ಹತ್ತಿ ಪ್ರೆಸ್ಸಿಗೆ ಕಂಟ್ರೋಲ್ ಬೋರ್ಡ್ ಮಾಡಿ ಕೊಡೋವ್ರು? ನಾನು ಮಾನ್ವಿಯಿಂದ. ಸಿರವಾರ ರಸ್ತಾದಾಗ ಹತ್ತಿ ಮಿಲ್ ಅದಲ್ಲ, ಅಲ್ಲಿ ಫಿಟ್ಟರು. ಕನಕರಾಯ ಅಂತ.

… ಕಂಪ್ಲೇಂಟ್ ನಂಬರ್ ಇಲ್ಲಪ. ಬೆಳಿಗ್ಗೆಯಿಂದ ಇದು ನಾಕನೇ ಫೋನು. ಮೊದಲ ಒಬ್ಬಾಂವ ಸಾಹೇಬ್ರು ಊಟಕ್ಕ ಹೋಗ್ಯಾರ ಅಂದ. ಹತ್ತು ಗಂಟೆಗೆ ಯಾವ ಊಟ? ಎರಡನೇದಾಂವ ಮೇಲ್ ಹಾಕ್ರಿ ಅಂದ. ಮೂರನೇದಾಂವ ಹಾಡು ಹಚ್ಚಿ ಹೋದ. ಹಾಡು ಮುಗೀತು, ಮತ್ತ ಹತ್ತಿತು, ಮತ್ತ ಮುಗೀತು, ಆಂವ ಬರಲೇ ಇಲ್ಲ. ಈಗ ನೀ ನಂಬರ್ ಕೇಳಾಕತ್ತಿ.

… ಏ, ನೀ ಏನೂ ಬರ್ಕೋಬ್ಯಾಡ. ಆ ಬೋರ್ಡಿನ ಒಳಗ ಪ್ರೋಗ್ರಾಮ್ ಅಂತ ಒಂದು ಹಾಕೀರಲ್ಲ, ಅದನ್ನ ಯಾರು ಬರದಾರ, ಅವರ ಕೈಯಾಗ ಫೋನ್ ಕೊಡು. ಮೀಟಿಂಗಿನ್ಯಾಗ ಇದ್ರ ಮೀಟಿಂಗಿನ್ಯಾಗ ಹೋಗಿ ಕೊಡು. ಇಲ್ಲಿ ಒಬ್ಬ ಹೆಣ್ಣುಮಗಳ ಕೈ ಹೋಗೋದಿತ್ತು ಅಂತ ಹೇಳು. ಹಂಗೇ ಹೇಳು.

… ಹಲೋ. ಹಾಂ, ಹೇಳ್ರಿ. ಯಾರು?… ಉಮಾದೇವಿ. ಪ್ರೋಗ್ರಾಮ್ ಬರದದ್ದು ನೀವೇ ಏನ್ರಿ? ನೀವೇ ಖುದ್ದು?

… ಹಾಂ, ಕೈ ಉಳದದ ಮೇಡಂ. ಬಳಿ ಹೋದ್ವು. ಮೊಳಕೈ ತನಕ ಹಸಿರು ಬಳಿ ಹಾಕ್ಕೊಂಡು ಬರ್ತಾಳ ಆಕಿ, ಅದರಾಗ ಆರೇಳು ಒಡದು ಚೂರಾದ್ವು. ಮುಂಗೈ ಕೆತ್ಯಾದ. ಡಾಕ್ಟ್ರು ಪಟ್ಟಿ ಕಟ್ಟಿ ಕಳಿಸ್ಯಾರ. ಈಗ ಇಲ್ಲೇ ನನ್ನ ಎದುರಿಗೆ ಹತ್ತಿ ಮೂಟಿ ಮ್ಯಾಗ ಕುಂತಾಳ. ಸೂಗಮ್ಮ ಅಂತ ಹೆಸರು. ಒಂಬತ್ತು ಸುಗ್ಗಿ ಆತು ಈ ಪ್ರೆಸ್ಸಿನ ಬಾಗಿಲದಾಗ ನಿಂತು.

… ಅದನ್ನೇ ಹೇಳಾಕತ್ತೀನಿ, ನಿಮ್ಮ ಬೋರ್ಡಿನಿಂದಲೇ ಆಗ್ಯಾದ. ನೀವು ಬರೇ ಹೆಂಗ ಸಾಧ್ಯ, ಹೆಂಗ ಸಾಧ್ಯ ಅಂತ ಕೇಳಿದ್ರ? ಒಂದು ಮಾತು ಹೇಳ್ರಿ, ನೀವು ಹತ್ತಿ ಪ್ರೆಸ್ ಕಣ್ಣಿಲೆ ನೋಡೀರಾ?

… ವಿಡಿಯೋದಾಗ. ಚಲೋ ಆತು. ನಾ ಹೇಳ್ತೀನಿ, ಕೇಳ್ರಿ. ಆಳೆತ್ತರ ಕಬ್ಬಿಣದ ಪೆಟ್ಟಿಗಿ. ಅದರಾಗ ಹತ್ತಿ ತುಂಬತದ, ತಳಗಿಂದ ಪ್ರೆಸ್ಸು ಮ್ಯಾಗ ಒತ್ತತದ. ಬೇಲ್, ಅಂದ್ರ ಒತ್ತಿದ ಹತ್ತಿ ಗಂಟು, ಗಟ್ಟಿ ಆತು ಅಂದ್ರ ನಿಂದರತದ. ಪೆಟ್ಟಿಗಿಗೆ ಒಂದು ಬಾಗಿಲು. ಸೂಗಮ್ಮ ಆ ಬಾಗಿಲು ತಗದು, ಒಳಗ ಕೈ ಹಾಕಿ, ಕಬ್ಬಿಣದ ಪಟ್ಟಿ ಸುತ್ತಿ ಬೇಲ್ ಕಟ್ಟಬೇಕು. ಬಾಗಿಲು ಒಂದು ಬೆರಳು ಸರದರೂ ಪ್ರೆಸ್ಸು ನಿಂದರಬೇಕು. ಯಾವಾಗ ತಗದ್ರೂ ಸೈ, ಕಣ್ಣು ಮುಚ್ಚಿ ತಗಿಯೋದ್ರಾಗ ನಿಂದರಬೇಕು. ಹೌದಿಲ್ಲೋ? ಬೋರ್ಡು ಅದಕ್ಕಲ್ಲಾ ಇರೋದು?

… ಹೌದಲ್ಲ! ಹಳೇ ಬೋರ್ಡು ಎಂಟು ಸುಗ್ಗಿ ಹಂಗೇ ನಿಂದರಿಸ್ತು. ಅದರೊಳಗಿನ ಕಂಪ್ಯೂಟರ್ ಚಿಪ್ಪು ಈಗ ಸಿಗಂಗಿಲ್ಲ, ಹೊಸಾದು ಹಾಕಿಸ್ಕೋರಿ ಅಂತ ದೀಪಾವಳಿ ಮುಂದ ನೀವೇ ಬಂದು ಬದಲಿ ಮಾಡಿದ್ರಿ. ಇವತ್ತು ಬೆಳಿಗ್ಗೆ ಆಕಿ ಬಾಗಿಲು ತಗದಳು, ಕೈ ಹಾಕಿದಳು, ಪ್ರೆಸ್ಸು ನಿಂದರಲಿಲ್ಲ. ಇನ್ನೊಂದು ಒತ್ತು ಒತ್ತಿ ಆಮ್ಯಾಲ ನಿಂತಿತು. ನಾನು ಅಲ್ಲೇ ಇದ್ದೆ, ರಟ್ಟಿ ಹಿಡಿದು ಹಿಂದ ಜಗ್ಗಿದೆ.

… ಏನಂದ್ರಿ? ಬಾಗಿಲದ ಸ್ವಿಚ್ಚಿನ್ಯಾಗ ಹತ್ತಿ ಧೂಳು ಕುಂತಿರಬಹುದಾ? ಮೇಡಂ, ಇಪ್ಪತ್ತೆರಡು ವರ್ಷದಿಂದ ಧೂಳು ಊದೋದೇ ನನ್ನ ಕೆಲಸ. ಸ್ವಿಚ್ಚು ಬಿಚ್ಚಿ ನೋಡೀನಿ. ವೈರು ನೋಡೀನಿ. ಎಣ್ಣಿ ನೋಡೀನಿ. ಎಲ್ಲಾ ಸರಿ ಅದ.

… ನಾ ಸಿಟ್ಟಿಗೆದ್ದಿಲ್ಲ. ನನ್ನ ದನೀನೇ ಹಿಂಗ. ಹಿರೇಕೊಟ್ನೆಕಲ್ಲಿನ್ಯಾಗ ಕುರಿ ಕರೀತಾ ಬೆಳದ ದನಿ ಇದು.

… ಹಾಂ, ಸಿಟ್ಟು ಬಂದದ. ಖರೇ. ಯಾಕ ಬಂದದ ಅಂದ್ರ, ಇಲ್ಲಿ ನಮ್ಮ ಮ್ಯಾನೇಜರ್ ಮತೀನ್ ಭಾಯ್ ರಜಿಸ್ಟರ್ ತಗದು ಬರದಾರ, "ಕೆಲಸದಾಕಿ ಅವಸರ ಮಾಡಿದ್ದಕ್ಕೆ ಪೆಟ್ಟು" ಅಂತ. ಸೂಗಮ್ಮನ್ನ ಪ್ರೆಸ್ಸಿನಿಂದ ತಗದು ಕಸ ಹೊಡಿಯಾಕ ಹಾಕ್ತಾರಂತ. ಆಕಿ ಜಾಗಾದಾಗ ಇನ್ನೊಬ್ಬಾಕೀನ್ನ ನಿಂದರಿಸಿ ಈಗಲೇ ಪ್ರೆಸ್ ಚಾಲೂ ಮಾಡಬೇಕಂತ. ನಾ ಪ್ರೆಸ್ಸಿನ ಮೇನ್ ಫ್ಯೂಸ್ ಕಿತ್ತು ಕಿಸೇದಾಗ ಇಟ್ಕೊಂಡೀನಿ. ಅವರು ಇನ್ನೊಂದು ಫ್ಯೂಸ್ ತರಾಕ ಮಾನ್ವಿ ಪ್ಯಾಟಿಗೆ ಬೈಕ್ ಕಳಿಸ್ಯಾರ. ಆ ಬೈಕ್ ಬರೋದ್ರಾಗ ನೀವು ನನಗ ಖರೇ ಏನು ಅಂತ ಹೇಳಬೇಕು. ತಿಳೀತಾ?

… ಹಾಂ… ಹಾಂ… ಲಾಗ್ ಅಂದ್ರ? ಬೋರ್ಡು ತಾನೇ ಬರದು ನಿಮ್ಮ ಕಂಪ್ಯೂಟರಿಗೆ ಕಳಿಸಿದ್ದಾ? ಅದರಾಗ ಏನದ?… "ಬಾಗಿಲು ತಗದದ್ದು ತಿಳಿದ ಕೂಡಲೇ ನಿಲ್ಲಿಸಿದೆ" ಅಂತ ಬರದದ. ಅಲ್ರಿ ಮೇಡಂ, ತಿಳಿದ ಕೂಡಲೇ ನಿಂದರಿಸಿರಬಹುದು. ತಿಳಿದದ್ದೇ ತಡಾ ಆಗಿದ್ರ? ಕುಡದು ಮಲಗಿದ ಕಾವಲುಗಾರನ್ನ ಕೇಳಿದಂಗ ಆತಿದು. "ಎಚ್ಚರ ಆದ ಕೂಡಲೇ ಓಡಿದೆ ಸಾವಕಾರ್ರೇ" ಅಂತಾನ. ಕಳ್ಳ ಹೋಗಿ ಎಷ್ಟೊತ್ತಾತು ಅನ್ನೋದು ಅವನಿಗೇನು ಗೊತ್ತು?

… ಏನಂದ್ರಿ, ಟೆಸ್ಟಾ?

… ಹಾಂ. ನಿಮ್ಮಲ್ಲಿ ಟೆಸ್ಟ್ ಮಾಡೀರಿ, ಒಪ್ಪತೀನಿ. ಸಾವಿರ ಸಲ ಮಾಡೀರಿ, ಸಾವಿರ ಸಲಾನೂ ನಿಂತದ. ನಾನೂ ಮಾಡೀನಿ, ಹನ್ನೆರಡೇ ಸಲ. ಹಳೇ ಹ್ಯಾಂಡ್ ಗ್ಲೌಸಿನ್ಯಾಗ ಹತ್ತಿ ತುಂಬಿ, ಒಳಗ ಎಲುಬಿನಂಗ ತೊಗರಿ ಕಟಗಿ ಇಟ್ಟು, ಉದ್ದ ಕೋಲಿಗೆ ಕಟ್ಟಿ ಬಾಗಿಲದಾಗ ತೂರಿಸಿದೆ. ಎಂಟು ಸಲ ನಿಂತಿತು. ನಾಕು ಸಲ ಕಟಗಿ ಮುರೀತು. ಲಟಕ್ ಅಂತ. ಆ ಸಪ್ಪಳ ಕೇಳಿ ಹೆಣ್ಮಕ್ಕಳು ಬಾಯಿ ಮ್ಯಾಗ ಸೆರಗು ಇಟ್ಕೊಂಡ್ರು. ಮತೀನ್ ಭಾಯ್ ಬಂದು, "ಕನಕರಾಯಾ, ತಲಿ ಕೆಟ್ಟದ ಏನೋ, ಗೊಂಬಿ ಆಟ ಹೂಡೀಯಲ್ಲ" ಅಂದ್ರು. ಅದಾದ ಮ್ಯಾಲೇ ನಾ ಫ್ಯೂಸ್ ಕಿತ್ತದ್ದು.

… ಅದನ್ನೇ ಕೇಳ್ರಿ ಅಂತ ಕಾಯಾಕತ್ತಿದ್ದೆ! ಯಾವ ನಾಕು ಸಲ? ಬೇಲಿನ ತೂಕದ ಚೀಟಿ ಪ್ರಿಂಟ್ ಆಗಾಕತ್ತಿದ್ದ ನಾಕು ಸಲ. ಪ್ರಿಂಟರ್ ಕಿರ್ ಕಿರ್ ಅಂತ ಚೀಟಿ ಹೊರಗ ಹಾಕತದಲ್ಲ, ಆ ಹೊತ್ತಿನ್ಯಾಗ ಬಾಗಿಲು ತಗದ್ರ ನಿಮ್ಮ ಬೋರ್ಡು ಕಿವುಡು. ಚೀಟಿ ಪೂರಾ ಬಂದು ಹರಿಯೋ ತನಕ ಕೇಳಸಂಗಿಲ್ಲ. ಬ್ಯಾರೆ ಹೊತ್ತಿನ್ಯಾಗ ತಗದ್ರ ಠಕ್ ಅಂತ ನಿಂದರತದ.

… ಮೇಡಂ, ನಿಮ್ಮ ಟೇಬಲ್ ಮ್ಯಾಗ ಸಾವಿರ ಸಲ ಮಾಡಿದ್ರಲ್ಲ, ಆವಾಗ ಚೀಟಿ ಪ್ರಿಂಟರ್ ಹಚ್ಚಿದ್ರಾ?

… ಹಚ್ಚಿದ್ದಿಲ್ಲ.

… ಒಂದೊಂದು ಮಿಲ್ಲಿನ್ಯಾಗ ಒಂದೊಂದು ಪ್ರಿಂಟರ್ ಇರ್ತದ ಅಂತ ಹಚ್ಚಿದ್ದಿಲ್ಲ. ಸರಿ. ಬರದಿಟ್ಟುಕೋರಿ ಇದನ್ನ. ರಜಿಸ್ಟರಿನ್ಯಾಗ.

… ಏನು? ಹಸಿರು ದೀಪಾ? ಹಸಿರು ದೀಪ ಹತ್ತಿದ ಮ್ಯಾಲೇ ಬಾಗಿಲು ತಗೀಬೇಕು ಅಂತ ಪುಸ್ತಕದಾಗ ಬರದೀರಾ? ನಿಮ್ಮ ದೀಪಕ್ಕ ಬೆಂಕಿ ಹಚ್ಚ. ಹತ್ತಿ ಮಿಲ್ಲಿನ್ಯಾಗ ದೀಪ ಯಾರಿಗೆ ಕಾಣತದ? ಅರ್ಧ ತಾಸಿನ್ಯಾಗ ಎಳಿ ಕುಂತು ಬಿಳೇ ಗಡ್ಡ ಬಂದಿರತದ ಅದಕ್ಕ. ಇಲ್ಲಿ ಯಾರೂ ದೀಪ ನೋಡಂಗಿಲ್ಲ. ಚೀಟಿ ಸಪ್ಪಳ ಬಂತಂದ್ರ ಬಾಗಿಲು ತಗೀತಾರ. ಮೊದಲಿಂದ ಹಂಗೇ.

… ಯಾರು ಹೇಳಿದ್ದು ಅಂದ್ರ?

… ನೀವು ಕೇಳೋದು ಸರಿ ಅದ.

… ನಾನೇ ಹೇಳಿದ್ದು. ಒಂಬತ್ತು ವರ್ಷದ ಹಿಂದ ಸೂಗಮ್ಮ ಕೆಲಸಕ್ಕ ಹೊಸದಾಗಿ ಬಂದಾಗ ನಾನೇ ಹೇಳೀನಿ, "ದೀಪ ನೋಡ್ಕೋಂತ ನಿಂದರಬ್ಯಾಡ ಯವ್ವಾ, ಕಣ್ಣಾಗ ಎಳಿ ಬೀಳತಾವ, ಚೀಟಿ ಸಪ್ಪಳ ಕೇಳು, ಬಾಗಿಲು ತಗಿ." ಯಾಕಂದ್ರ ಹಳೇ ಬೋರ್ಡಿನ್ಯಾಗ ಮೊದಲ ಪ್ರೆಸ್ಸು ಪೂರಾ ನಿಂದರತಿತ್ತು, ಆಮ್ಯಾಲೇ ಚೀಟಿ ಬರತಿತ್ತು. ಒಂದು ದಿನಾನೂ ತಪ್ಪಲಿಲ್ಲ. ಸಪ್ಪಳ ಬಂತಂದ್ರ ಪ್ರೆಸ್ಸು ಸತ್ತದ ಅಂತಲೇ ಲೆಕ್ಕ. ಆಕಿ ಕಲಿತಳು, ಆಕಿ ನೋಡಿ ಉಳದವರು ಕಲಿತರು. ಈಗ ನಿಮ್ಮ ಹೊಸಾ ಬೋರ್ಡಿನ್ಯಾಗ ಪ್ರೆಸ್ಸಿನ್ನೂ ಒತ್ತಾಕತ್ತಿರತದ, ಚೀಟಿ ಬಂದೇಬಿಡತದ. ಅಂದ್ರ ಬೋರ್ಡು ಯಾವ ಹೊತ್ತಿಗೆ ಕಿವುಡು ಆಗತದೋ, ಕರೆಕ್ಟ್ ಅದೇ ಹೊತ್ತಿಗೆ ನಾ ಆಕೀ ಕೈ ಒಳಗ ಹಾಕಿಸೀನಿ. ಬೆಳಿಗ್ಗೆಯಿಂದ ಇದೇ ತಲಿಯಾಗ ಕೊರಿಯಾಕತ್ತದ. ಬೈತೀನಿ ಅಂದ್ರ ನಿಮಗೊಬ್ಬರಿಗೇ ಬಯ್ಯಾಕತ್ತಿಲ್ಲ ನಾನು.

… ಹಾಂ. ಆತು. ಈಗ ನಿಮ್ಮ ಪಾಳಿ. ಮೊದಲ ಪ್ರೆಸ್ ಆಮ್ಯಾಲ ಚೀಟಿ ಇದ್ದದ್ದು ತಿರುವುಮುರುವು ಹೆಂಗಾತು? ಅದನ್ನ ಹೇಳ್ರಿ.

… ಪ್ರೋಗ್ರಾಮ್ ಅದೇ, ಒಂದು ಅಕ್ಷರಾನೂ ಬದಲಾಗಿಲ್ಲ. ಕರ್ನಲ್ಲೂ ಅದೇ… ಕರ್ನಲ್ ಅಂದ್ರೇನು? ನನಗ ತಿಳಿಯೋಹಂಗ ಹೇಳ್ರಿ. ನಾ ಏಳನೇತ್ತ ಕಲ್ತಾಂವ, ಅದೂ ಊರ ಸಾಲಿಯಾಗ.

… ಹಾಂ… ಯಾವ ಕೆಲಸ ಮೊದಲು, ಯಾವುದು ಹಿಂದ, ಒಂದು ನಡದಾಗ ಇನ್ನೊಂದು ಬಂದ್ರ ಯಾವುದನ್ನ ಬಿಡಬೇಕು ಅಂತ ಹೇಳೋದು. ಹಂಗಂದ್ರ ಆಳು ನಡಸೋ ಮುಕಾದಮ ಅನ್ರಿ. ಮುಕಾದಮ ಅದೇ ಮನಷ್ಯಾ. ಚಿಪ್ಪು ಅಂದ್ರ ಕೆಲಸ ಮಾಡೋ ಗ್ಯಾಂಗು. ಗ್ಯಾಂಗ್ ಹೊಸಾದು. ಹೌದಾ?… ನಡುವ ಏನು? ಪದರು?

… ಹಾಂ, ಹಾಂ, ತಿಳೀತು. ಮುಕಾದಮನ ಮಾತು ಆ ಗ್ಯಾಂಗಿಗೆ ನೇರ ತಿಳಿಯಂಗಿಲ್ಲ. ನಡುವ ಒಬ್ಬಾಂವ ನಿಂತು ತಿರುವಿ ಹೇಳಬೇಕು. ನಮ್ಮಲ್ಲಿ ಹತ್ತಿ ಬಿಡಿಸಾಕ ಕರ್ನೂಲ್ ಕಡೆ ಗ್ಯಾಂಗ್ ಬರತದ. ಮುಕಾದಮ ಕನ್ನಡದಾಗ ಅಂತಾನ, ಅವರಿಗೆ ತೆಲುಗು, ನಡುವ ಒಬ್ಬಾಂವ ಎರಡೂ ಬಲ್ಲಾಂವ. ಗ್ಯಾಂಗ್ ಬದಲಾದ್ರ ಮುಕಾದಮನ್ನ ಬದಲಿ ಮಾಡೋದು ಬ್ಯಾಡ, ನಡುವಿನವನ್ನ ಬದಲಿ ಮಾಡಿದ್ರ ಸಾಕು. ಇದೇ ಅಲ್ಲಾ ನಿಮ್ಮ ಪದರು?

… ಮತ್ತ! ನಿಮಗಿಂತ ಚಲೋ ಹೇಳಿದೆ ಅಂದ್ರ ನಗಬ್ಯಾಡ್ರಿ, ನಗೋ ಹೊತ್ತಲ್ಲ ಇದು. ಆ ನಡುವಿನ ಪದರು ಹೊಸ ಚಿಪ್ಪಿಗೆ ಬರದವರು ಯಾರು?… ನೀವು. ಎಷ್ಟು ದಿನದಾಗ ಬರದ್ರಿ?… ಹನ್ನೊಂದು ದಿನ. ಸುಗ್ಗಿ ಬಂತು, ಮಿಲ್ಲಿನವರು ಅವಸರ ಮಾಡಿದ್ರು, ನಿಮ್ಮ ಸರ್ ಅವಸರ ಮಾಡಿದ್ರು. ಹಾಂ. ಮತೀನ್ ಭಾಯ್ ಇದ್ರ ನಿಮ್ಮ ರಜಿಸ್ಟರಿನ್ಯಾಗೂ "ಅವಸರ" ಅಂತ ಬರದು ಕಸ ಹೊಡಿಯಾಕ ಹಾಕ್ತಿದ್ರು.

… ಆತು, ಆತು. ಅಳಬ್ಯಾಡ್ರಿ.… ಅಳಾಕತ್ತಿಲ್ಲಾ? ನೆಗಡಿ? ಸರಿ, ನೆಗಡಿ. ಆ ಬರದದ್ದನ್ನ ತಗೀರಿ. ಈಗಲೇ ತಗೀರಿ. ಚೀಟಿ ಬರದ ಸಾಲು, ಬಾಗಿಲು ಬರದ ಸಾಲು, ಎರಡನ್ನೂ ನೋಡ್ರಿ. ನಾ ಫೋನ್ ಇಡಂಗಿಲ್ಲ. ಹಾಡು ಹಚ್ಚಿ ಹೋದ್ರ ಮಾತ್ರ ರಾಯಚೂರಿಗೇ ಬಂದುಬಿಡತೀನಿ.

… ಏನಾತು ಸೂಗಮ್ಮಾ?… ಹಾಂ, ಆಕೀನೇ, ಬರದಾಕೀನೇ. ಚಾ ಕುಡಿ ನೀ. ಎಡಗೈಲೆ ಕುಡಿ.… ಏ, ನಿನ್ನ ತಪ್ಪಲ್ಲ ಅಂತ ಹೇಳೀನಲ್ಲ, ಎಷ್ಟು ಸಲ ಹೇಳಬೇಕು? ಬಳಿ ಒಡದದ್ದಕ್ಕ ಶಕುನ ಅಪಶಕುನ ಅಂತ ಕುಂದರಬ್ಯಾಡ. ಕೈ ಅದ, ಬಳಿ ಮತ್ತ ಇಡಿಸ್ಕೋಬಹುದು.

… ಹಾಂ ಮೇಡಂ, ಇದ್ದೀನಿ. ನೋಡ್ರಿ, ನೋಡ್ರಿ. ಎಷ್ಟೊತ್ತು ಆದ್ರೂ ಸೈ… ಹಂಗಲ್ಲ, ಲಗು ನೋಡ್ರಿ. ರಸ್ತಾದಾಗ ಬೈಕ್ ಸಪ್ಪಳ ಬರಾಕತ್ತದ… ಇಲ್ಲ, ಅದು ಹಾಲಿನವನ ಬೈಕು.

… ಯಾವೂರು ನಿಮ್ದು? ಮಾತು ನಮ್ಮ ಕಡೇದು ಅದ.… ಮಸರಕಲ್? ದೇವದುರ್ಗದ ಮಸರಕಲ್ಲಾ? ಮತ್ತ ಇಷ್ಟೊತ್ತು ಪುಸ್ತಕದಂಗ ಯಾಕ ಮಾತಾಡಾಕತ್ತಿದ್ರಿ? "ಸಂಪೂರ್ಣ ಪರೀಕ್ಷೆ ಮಾಡಲಾಗಿದೆ" ಅಂತ. ನಾ ಯಾರೋ ಪರದೇಶದಾಕಿ ಅಂದ್ಕೊಂಡಿದ್ದೆ.

… ಸಿಕ್ತಾ? ಏನು ಸಿಕ್ತು?

… ನಿಧಾನ ಹೇಳ್ರಿ. ನಿಧಾನ. ಬಾಗಿಲಿಗೆ ಎಷ್ಟು ನಂಬರ್?… ಹದಿನೈದು. ಚೀಟಿಗೆ?… ಒಂದು. ಹಾಂ, ಹಳೇ ಚಿಪ್ಪಿನ್ಯಾಗೂ ಹಂಗೇ ಇತ್ತು, ಹದಿನೈದು ಅಂದ್ರ ಎಲ್ಲಾರಕಿಂತ ಹಿರೇದು, ಅದು ಕರೆದ್ರ ಉಳದವರು ಕೈಯಾಗಿಂದು ಬಿಟ್ಟು ಓಡಬೇಕು. ಒಂದು ಅಂದ್ರ ಕಿರೇದು. ಸರಿ ಅದಲ್ಲ ಮತ್ತ? ಬಾಗಿಲು ಹದಿನೈದು, ಚೀಟಿ ಒಂದು. ಸರಿನೇ ಅದ.

… ಹೊಸ ಚಿಪ್ಪಿನ್ಯಾಗ ಏನು?

… ಉಲ್ಟಾ? ಒಂದೇ ಹಿರೇದಾ? ಹದಿನೈದು ಎಲ್ಲಾರ ಹಿಂದಾ?

… ಅಯ್ಯೋ ಶಿವನೇ. ಇಷ್ಟೇನಾ? ಹಂಗಾರ ಮುಕಾದಮ ಹದಿನೈದು ಅಂತ ಕೂಗ್ಯಾನ, ಅಂದ್ರ ಎಲ್ಲಾ ಬಿಟ್ಟು ಮೊದಲ ಬಾಗಿಲ ಕಡೆ ಓಡ್ರಿ ಅಂತ. ನಡುವಿನಾಂವ ಅಂದ್ರ ನೀವು, ಹದಿನೈದನ್ನ ಹದಿನೈದೇ ಅಂತ ಹಂಗೇ ದಾಟಿಸೀರಿ. ಆ ಗ್ಯಾಂಗಿನ ಪದ್ಧತಿಯಾಗ ಹದಿನೈದು ಅಂದ್ರ ಪಾಳೇದ ಕೊನೀಗೆ ನಿಂದರು ಅಂತ. ಬಾಗಿಲು ಹೋಗಿ ಕೊನೀಗೆ ನಿಂತದ ಬಡಪಾಯಿ. ಚೀಟಿ ದೊಡ್ಡ ಮನಷ್ಯಾ ಆಗಿ ಮುಂದ ಕುಂತದ. ಚೀಟಿ ಸಾಹೇಬ್ರದು ಮುಗಿಯೋ ತನಕ ಬಾಗಿಲಿನ ಮಾತು ಕೇಳೋವ್ರೇ ಇಲ್ಲ.

… ಹೌದು, ಪ್ರಿಂಟರ್ ಇಲ್ಲದ ಟೇಬಲ್ ಮ್ಯಾಗ ಹೆಂಗ ತಿಳೀಬೇಕು? ಪಾಳೇದಾಗ ಬಾಗಿಲು ಒಂದೇ ನಿಂತ್ರ, ಮುಂದಿನದೂ ಅದೇ, ಹಿಂದಿನದೂ ಅದೇ.

… ಪುಸ್ತಕದಾಗ ಬರದಿತ್ತಾ? ಚಿಪ್ಪಿನ ಪುಸ್ತಕದಾಗ? ಓದಿದ್ರಾ?… ಓದಿದ್ರಿ, ಮರತ್ರಿ. ಹಾಂ. ನಾನು ಪುಸ್ತಕ ಓದಲಾರದೆ ದೀಪ ಬಿಟ್ಟೆ, ನೀವು ಓದಿ ಮರತ್ರಿ. ಇಬ್ಬರೂ ಕೂಡಿ ಆಕೀ ಕೈ ಪೆಟ್ಟಿಗಿಯಾಗ ಹಾಕಿದ್ವಿ.

… ತಡೀರಿ. ಮತೀನ್ ಭಾಯ್ ಬಂದ್ರು. ಫೋನ್ ಸ್ಪೀಕರಿಗೆ ಹಾಕ್ತೀನಿ. ಈಗ ನನಗ ಏನು ಹೇಳಿದ್ರಿ ಅದನ್ನೇ ಅವರಿಗೆ ಹೇಳ್ರಿ. "ತಾಂತ್ರಿಕ ಅಡಚಣೆ" ಅಂತ ಅನ್ನಬ್ಯಾಡ್ರಿ ಮತ್ತ. ಸೀದಾ ಹೇಳ್ರಿ.… ಬರ್ರಿ ಭಾಯ್, ಕೇಳ್ರಿ. ಕಂಪನಿಯಾಕಿ. ಇಲ್ಲ, ಫ್ಯೂಸ್ ಕೊಡಂಗಿಲ್ಲ, ಮೊದಲ ಕೇಳ್ರಿ. ಹೇಳ್ರಿ ಮೇಡಂ.

… ಕೇಳಿದ್ರಾ? ಯಾರ ತಪ್ಪಂತ?… ಭಾಯ್, ರಜಿಸ್ಟರ್ ತರ್ರಿ. ಆ ಸಾಲು ಹೊಡದು ಹಾಕ್ರಿ. "ಬೋರ್ಡಿನ ತಪ್ಪು" ಅಂತ ಬರೀರಿ, ಕಂಪನಿಯಾಕಿ ಒಪ್ಯಾಳ ಅಂತನೂ ಬರೀರಿ. ಫಿಟ್ಟರ್ ಕನಕರಾಯ ದೀಪ ಬಿಟ್ಟು ಸಪ್ಪಳ ಕೇಳಾಕ ಕಲಿಸಿದ್ದ ಅಂತನೂ ಬರೀರಿ, ನಾ ಸಹಿ ಹಾಕ್ತೀನಿ. ಸೂಗಮ್ಮನ ಹೆಸರು ಅದರಾಗ ಪೆಟ್ಟು ತಿಂದಾಕಿ ಅಂತ ಮಾತ್ರ ಇರಬೇಕು.… ಹಾಂ, ಹೋಗ್ರಿ, ತರ್ರಿ.

… ಹಾಂ ಮೇಡಂ. ನೀವು ಹೇಳಿದ್ದು ಚಲೋ ಆತು. ಹೊಟ್ಟಿ ತಣ್ಣಗಾತು ಸ್ವಲ್ಪ. ನಿಮ್ಮ ನೆಗಡಿ ಹೆಂಗದ?

… ಏನು, ಒಂದು ತಾಸಿನ್ಯಾಗ ತಿದ್ದಿ ಕಳಸ್ತೀರಾ? ಅಲ್ಲೀತನಕ? ಪ್ರಿಂಟರ್ ವೈರ್ ಕಿತ್ತು ಪ್ರೆಸ್ ನಡಸ್ರಿ ಅಂತೀರಾ? ಚೀಟಿ ಇಲ್ಲ ಅಂದ್ರ ಬಾಗಿಲಿಗೆ ಅಡ್ಡ ಯಾರೂ ಇಲ್ಲ ಅಂತ. ಹ್ಮ್… ಕೇಳಾಕ ಚಲೋ ಅದ. ಒಂದು ಮಾತು ಹೇಳ್ರಿ. ನಂಬರ್ ಉಲ್ಟಾ ಆಗಿದ್ದು ಬಾಗಿಲು, ಚೀಟಿ ಎರಡೇ ಏನು? ಉಳದವು?

… ನೋಡಿ ಹೇಳ್ರಿ. ಓದ್ರಿ ಒಂದೊಂದೇ.

… ಪರದೇ ಮ್ಯಾಲಿನ ಅಂಕಿ, ಎರಡು. ಬೇಲ್ ಎಣಿಸೋದು, ಮೂರು. ಎಣ್ಣಿ ಬಿಸಿ, ಹನ್ನೊಂದು. ಮೋಟರ್ ಭಾರ, ಹನ್ನೆರಡು. ಬೇಲ್ ಗಟ್ಟಿ ಆದ್ರ ಪ್ರೆಸ್ ನಿಂದರಿಸೋದು, ಹದಿಮೂರು, ಅದಕ್ಕೇ ಚೀಟಿ ಮೊದಲ ಬರಾಕತ್ತದ. ಮತ್ತ?… ಕೆಂಪು ಗುಂಡಿ?

… ಕೆಂಪು ಗುಂಡಿಗೆ ಎಷ್ಟು ಅಂದ್ರಿ?

… ಹದಿನಾಕು.

… ಅಂದ್ರ ಕೈ ಸಿಕ್ಕಿತು, ಇನ್ನೊಬ್ಬಾಕಿ ಓಡಿ ಬಂದು ಕೆಂಪು ಗುಂಡಿ ಗುದ್ದಿದಳು ಅಂದ್ರೂ, ಬೋರ್ಡು ಮೊದಲ ಚೀಟಿ ಹಾಕತದ, ಆಮ್ಯಾಲ ಪರದೇದಾಗ ಅಂಕಿ ತೋರಸತದ, ಬೇಲ್ ಎಣಸತದ, ಎಲ್ಲಾ ಮುಗಿಸಿ ಕೊನೀಗೆ, ಏನವ್ವಾ ಯಾಕ ಗುದ್ದಿದಿ ಅಂತ ಕೇಳತದ. ಉಳಸೋವು ಎಲ್ಲಾ ಹಿಂದ, ತೋರಸೋವು ಎಲ್ಲಾ ಮುಂದ. ಪ್ರಿಂಟರ್ ಕಿತ್ತು ನಡಸ್ರಿ ಅಂತೀರಿ ಇಂಥಾದ್ದನ್ನ!

… ಹಾಂ, ನಿಮಗೂ ಈಗ ತಿಳೀತು. ಇಲ್ಲ, ನಾ ನಡಸಂಗಿಲ್ಲ. ಫ್ಯೂಸ್ ಕಿಸೇದಾಗೇ ಇರ್ತದ, ಬೈಕಿನಾಂವ ತರೋದನ್ನೂ ಇಸ್ಕೋತೀನಿ. ನೀವು ತಿದ್ದಿ ತರ್ರಿ, ನಿಮ್ಮ ಎದುರಿಗೇ ಗ್ಲೌಸ್ ಹಾಕಿ ನೂರು ಸಲ ನೋಡತೀನಿ, ಚೀಟಿ ಬರುವಾಗ, ಅಂಕಿ ಓಡುವಾಗ. ಬಾಗಿಲದ ವೈರೂ ಸೀದಾ ಮೋಟರಿನ ಕಡೆ ಎಳೀತೀನಿ, ಯಾವ ಪಾಳೇದಾಗೂ ನಿಂದರದಂಗ. ಗ್ಯಾರಂಟಿ ಸೀಲ್ ಒಡದ್ರ ಒಡೀಲಿ. ತೊಗರಿ ಕಟಗಿ ಬೇಕಾದಷ್ಟು ಅದಾವ.

… ಮೇಡಂ.

… ಮೇಡಂ, ಒಂದು ನಿಮಿಷ. ಈ ಹೊಸಾ ಬೋರ್ಡು ನಮಗೊಬ್ಬರಿಗೇ ಕೊಟ್ಟೀರಾ?

… ಎಷ್ಟು ಮಿಲ್ಲಿಗೆ, ಎಣಿಸಿ ಹೇಳ್ರಿ.

… ಆರು? ಆರು ಮಿಲ್ಲಾ? ಇದೇ ಚಿಪ್ಪಾ? ಇದೇ ನಂಬರ್ರಾ?

… ರಾಯಚೂರಿನ್ಯಾಗ ಮೂರು. ನಮ್ಮದೊಂದು. ದೇವದುರ್ಗದಾಗ ಎರಡು. ಎಲ್ಲಾ ಚೀಟಿ ಪ್ರಿಂಟರ್ ಹಚ್ಚಿದಾವಾ?… ಗೊತ್ತಿಲ್ಲ. ಈಗ ನಡದಾವಾ?… ನಡದಿರತಾವ. ಸುಗ್ಗಿಯಾಗ ಹನ್ನೊಂದು ಗಂಟೆಗೆ ಯಾವ ಪ್ರೆಸ್ಸು ಸುಮ್ಮ ನಿಂತಿರತದ? ಅಲ್ಲೆಲ್ಲಾ ಬಾಗಿಲದಾಗ ಯಾರೋ ನಿಂತಿರತಾರಲ್ಲ. ದೇವದುರ್ಗದ ಮಿಲ್ಲಿಗೆ ಮಸರಕಲ್ ಹೆಣ್ಮಕ್ಕಳೇ ಬಂಡಿ ತುಂಬ ಬರ್ತಾರ. ನಿಮ್ಮೂರವರೇ.

… ಹಂಗಾರ ಯಾಕ ಕುಂತೀರಿ? ಫೋನ್ ಮಾಡ್ರಿ ಅವರಿಗೆ. ಬಂದ್ ಮಾಡ್ರಿ ಅನ್ರಿ.

… ಸರ್‌ಗೆ ಕೇಳಬೇಕಾ? ಎಲ್ಲಿ ಅದಾರ ಸರ್?… ಮೀಟಿಂಗು. ಎಷ್ಟೊತ್ತು?… ಲೆಟರ್ ಟೈಪ್ ಮಾಡಿ, ಸಹಿ ಮಾಡಿಸಿ, ಕಂಪನಿ ಹೆಸರು ಕೆಡದಂಗ ಬರದು, ಆಮ್ಯಾಲ ತಿಳಸ್ತೀರಾ? ತಂಗಿ, ನಿಮ್ಮ ಸರ್ ನಂಬರ್ ಎಷ್ಟು? ಒಂದಾ? ಲೆಟರ್ ಎರಡಾ? ಬಾಗಿಲದಾಗ ನಿಂತಾಕಿ ಹದಿನೈದಾ? ಬೋರ್ಡಿನ್ಯಾಗ ಮಾಡಿದ್ದನ್ನೇ ಆಫೀಸಿನ್ಯಾಗೂ ಮಾಡಾಕತ್ತೀಯಲ್ಲ!

… ಕೆಲಸ ಹೋಗಬಹುದು. ಹೌದು, ಹೋಗಬಹುದು. ಸುಳ್ಳು ಹೇಳಂಗಿಲ್ಲ ನಾನು. ನನ್ನದೂ ಹೋಗಬಹುದು, ಮತೀನ್ ಭಾಯ್ ರಜಿಸ್ಟರ್ ತರಾಕ ಹೋದವರು ಸಾವಕಾರ್ರಿಗೆ ಫೋನ್ ಹಚ್ಯಾರ, ಇಲ್ಲಿಂದ ಕಾಣಾಕತ್ತದ. ಬಳಿ ಒಡದಾಕಿ ಇಲ್ಲಿ ಕುಂತಾಳ, ಈಕೀ ಮಾರಿ ನೋಡ್ಕೋಂತ ನಾ ಮಾತಾಡಾಕತ್ತೀನಿ. ನಿನಗ ಕಾಣಂಗಿಲ್ಲ ಅಷ್ಟೇ ಫರಕು. ಲೆಟರ್ ಸಂಜೀಕ ಬರಿ. ಈಗ ಫೋನ್ ಎತ್ತಿ ಎರಡೇ ಮಾತು ಹೇಳು. ಪ್ರೆಸ್ ಬಂದ್ ಮಾಡ್ರಿ, ಫ್ಯೂಸ್ ತಗೀರಿ. ನಾ ಉಮಾದೇವಿ, ಬರದಾಕಿ ನಾನೇ ಅಂತ ಹೇಳು. ಬರದಾಕೀನೇ ಹೇಳಿದ್ರ ನಂಬತಾರ.

… ಹಾಂ. ಹಾಂ. ದೇವದುರ್ಗದ ನಂಬರ್ ಅದಲ್ಲ ನಿನ್ನ ಹತ್ರ?… ಅದ. ಶಾಣ್ಯಾಕಿ. ಮೊದಲ ಅದಕ್ಕ ಹಚ್ಚು.

… ಇಲ್ಲ, ಥ್ಯಾಂಕ್ಸ್ ಬ್ಯಾಡ.

… ತಪ್ಪಾತು ಅಂತನೂ ಬ್ಯಾಡ ಯವ್ವಾ. ಅದನ್ನ ಇಲ್ಲಿ ಬಂದು ಸೂಗಮ್ಮನ ಮುಂದ ಹೇಳು, ನನಗ್ಯಾಕ?… ಹೆಂಗಾತೋ ಏನೋ ಅಂತ ಈಗ ಬಿಡಿಸಿ ಹೇಳಬ್ಯಾಡ. ತಿಳೀತು ನನಗ.

… ಇನ್ನೂ ಮಾತಾಡಾಕತ್ತಿ! ನಿನ್ನ ಕೈಯಾಗ ಇರೋದು ಒಂದೇ ಫೋನು. ಅದರಾಗ ನಾ ಕುಂತೀನಿ. ನಾ ಏಳೋ ತನಕ ದೇವದುರ್ಗಕ್ಕ ಹೆಂಗ ಹತ್ತತದ ಅದು? ಇಡು. ಫೋನ್ ಇಡು ಯವ್ವಾ.

… ಹಿರಿಯರು, ನೀವೇ ಮೊದಲ ಇಡ್ರಿ ಅಂತೀಯಾ? ಇದರಾಗ ಎಂಥಾ ಹಿರಿತನ ಹಚ್ಚೀದಿ, ಹುಚ್ಚವ್ವಾ! ತಗೋ, ನಾನೇ ಕಟ್ ಮಾ—